ಅರೆತಲೆನೋವಿಗೂ ಲೆಕ್ಕ ಬೇಕು



ತಲೆನೋವು ಕಾಣದ ಮನುಷ್ಯ ಇಲ್ಲ. ಬಿಸಿಲಲ್ಲಿ ಅಲೆದರೆ, ನೆಗಡಿಯಾದರೆ, ರಾತ್ರಿ ನಿದ್ದೆಗೆಟ್ಟರೆ ತಲೆ ನೋಯುತ್ತದೆ. ಒಂದು ಲೋಟ ಕಾಫಿ ಕುಡಿದು ಸ್ವಲ್ಪ ಹೊತ್ತು ಅಡ್ಡಾಗಿ ಎದ್ದರೆ ಹೋಗುತ್ತದೆ. ಆದರೆ ಇನ್ನೊಂದು ತಲೆನೋವಿದೆ. ತಿಂಗಳಿಗೆ ಎರಡು ಸಲವೋ ನಾಲ್ಕು ಸಲವೋ ಬರುತ್ತದೆ. ಬಂತೆಂದರೆ ಆಳನ್ನು ಹಾಸಿಗೆ ಹಿಡಿಸುತ್ತದೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಯೂ ಬೇಡ ಅನ್ನಿಸುತ್ತದೆ. ಇದನ್ನೇ ನಮ್ಮ ಜನ ಅರೆತಲೆನೋವು ಎನ್ನುತ್ತಾರೆ, ವೈದ್ಯರು ಮೈಗ್ರೇನ್ ಎನ್ನುತ್ತಾರೆ. ಇವತ್ತಿನ ನನ್ನ ಮಾತು ಅದನ್ನು ಕುರಿತು.

ಇದು ಅಪರೂಪದ ಕಾಯಿಲೆಯಲ್ಲ. ಪ್ರಪಂಚದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರಿಗೆ ಮೈಗ್ರೇನ್ ಇದೆ. ನಮ್ಮಲ್ಲಿ ಇನ್ನೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2,329 ಜನರನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ವರ್ಷವೊಂದರಲ್ಲಿ ನೂರಕ್ಕೆ 25 ಜನ ಮೈಗ್ರೇನ್ ಅನುಭವಿಸಿದ್ದರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ಇದು ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ, ಓದಿದವರ ಕಾಯಿಲೆ ಎಂದು ತಿಳಿದವರು ಈ ಕೊನೆಯ ಮಾತನ್ನು ಗಮನಿಸಬೇಕು. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಹೆಣ್ಣುಮಗಳಿಗೂ ಈ ನೋವಿದೆ. ಆಕೆ ಟವೆಲನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಕೆಲಸ ಮುಗಿಸುತ್ತಾಳೆ, ಅಷ್ಟೆ.

ಹಾಗಾದರೆ ಮೈಗ್ರೇನನ್ನು ಗುರುತಿಸುವುದು ಹೇಗೆ? ನೋವು ಶುರುವಾಗುವ ಮೊದಲೇ, ಕೆಲವರಿಗೆ ಹಿಂದಿನ ದಿನವೇ, ಸೂಚನೆಗಳು ಸಿಗುತ್ತವೆ. ಸುಮ್ಮಸುಮ್ಮನೆ ಆಕಳಿಕೆ ಬರುತ್ತದೆ. ಕುತ್ತಿಗೆ ಹಿಡಿದುಕೊಂಡಂತಾಗುತ್ತದೆ. ಸಿಹಿ ತಿನ್ನಬೇಕೆಂಬ ಆಸೆಯಾಗುತ್ತದೆ. ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಣ್ಣ ಮಾತಿಗೂ ಸಿಡಿಮಿಡಿಯಾಗುತ್ತದೆ. ಮೂರು ನಾಲ್ಕು ರೋಗಿಗಳಲ್ಲಿ ಒಬ್ಬರಿಗೆ ಇದಾದ ಮೇಲೆ ಕಣ್ಣಿನ ಮುಂದೆ ಆಟ ಶುರುವಾಗುತ್ತದೆ. ಪೇಪರ್ ಓದುತ್ತಿದ್ದಂತೆ ಪದದ ನಡುವಿನ ಅಕ್ಷರಗಳು ಮಾಯವಾಗುತ್ತವೆ. ಆ ಕಾಣದ ಜಾಗದ ಅಂಚಿನಲ್ಲಿ ಮಿಣಮಿಣ ಹೊಳೆಯುವ ಅಂಕುಡೊಂಕು ಗೆರೆಗಳು ಏಳುತ್ತವೆ, ನಿಧಾನವಾಗಿ ಅಗಲವಾಗುತ್ತಾ ಪಕ್ಕಕ್ಕೆ ಸರಿಯುತ್ತವೆ. ಕೆಲವರಿಗೆ ಕೈಬೆರಳಲ್ಲಿ ಜುಮುಜುಮು ಹುಟ್ಟಿ ತುಟಿಯವರೆಗೆ ಹತ್ತುತ್ತದೆ, ಮಾತು ತಡವರಿಸುತ್ತದೆ. ಐದು ನಿಮಿಷದಿಂದ ಒಂದು ಗಂಟೆಯೊಳಗೆ ಇದೆಲ್ಲ ತಾನಾಗಿ ಸರಿಹೋಗುತ್ತದೆ. ವೈದ್ಯರು ಇದಕ್ಕೆ ಆರಾ ಎನ್ನುತ್ತಾರೆ.

ಆಮೇಲೆ ಬರುವುದು ನೋವು. ಸಾಮಾನ್ಯವಾಗಿ ತಲೆಯ ಒಂದು ಪಕ್ಕದಲ್ಲಿ, ನಾಡಿ ಬಡಿದ ಹಾಗೆ ಮಿಡಿಯುವ ನೋವು. ಮೆಟ್ಟಿಲು ಹತ್ತಿದರೆ, ಬಗ್ಗಿ ಕಸ ಗುಡಿಸಿದರೆ ಹೆಚ್ಚಾಗುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಏನೂ ಔಷಧಿ ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರುತ್ತದೆ. ಅರೆತಲೆನೋವು ಎಂದ ಮಾತ್ರಕ್ಕೆ ಅರ್ಧ ತಲೆಯೇ ನೋಯಬೇಕೆಂದಿಲ್ಲ. ಎರಡೂ ಪಕ್ಕ ನೋಯುವವರಿದ್ದಾರೆ, ಮಕ್ಕಳಲ್ಲಂತೂ ಎರಡೂ ಕಡೆಯ ನೋವೇ ಹೆಚ್ಚು. ನೋವು ಇಳಿದ ಮೇಲೂ ಒಂದು ದಿನ ಮೈಯೆಲ್ಲ ಜಜ್ಜಿದಂತಿರುತ್ತದೆ, ತಲೆ ಮಂಕಾಗಿರುತ್ತದೆ. "ನೋವು ಹೋಯಿತಲ್ಲ, ಇನ್ನೇನು" ಎಂದು ಮನೆಯವರು ಕೇಳುವ ಆ ದಿನವೂ ಕಾಯಿಲೆಯ ದಿನವೇ.

ಈ ಹೊತ್ತಿನಲ್ಲಿ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಇಂದು ವಿಜ್ಞಾನಕ್ಕೆ ಸಾಕಷ್ಟು ತಿಳಿದಿದೆ. ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲ. ನೋಯುವುದು ಅದರ ಮೇಲಿನ ಪೊರೆ ಮತ್ತು ಆ ಪೊರೆಯ ರಕ್ತನಾಳಗಳು. ಅವುಗಳ ನೋವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಎಂಬ ನರ. ಕಣ್ಣಿನ ಸುತ್ತ, ಕೆನ್ನೆ, ಹಲ್ಲು, ದವಡೆ ಇವಕ್ಕೂ ಇದೇ ನರ. ಆದ್ದರಿಂದಲೇ ಮೈಗ್ರೇನಿನ ನೋವು ಕಣ್ಣಿನ ಹಿಂದೆ ಚುಚ್ಚುತ್ತದೆ, ಕೆನ್ನೆಗೂ ಹಲ್ಲಿನ ಬುಡಕ್ಕೂ ಇಳಿಯುತ್ತದೆ. ಈ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಒಸರಿದಾಗ ರಕ್ತನಾಳಗಳು ಹಿಗ್ಗುತ್ತವೆ, ನರ ಕೆರಳುತ್ತದೆ. ಮೈಗ್ರೇನ್ ಬಂದವರ ಕತ್ತಿನ ರಕ್ತನಾಳದಲ್ಲಿ ಈ ರಾಸಾಯನಿಕ ಏರಿರುತ್ತದೆ ಎಂದು ಸಂಶೋಧಕರಾದ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಅದನ್ನೇ ತಡೆಯುವ ಔಷಧಿಗಳು 2018ರಿಂದ ಬಳಕೆಗೆ ಬಂದವು. ಮೈಗ್ರೇನ್ ಸಂಶೋಧನೆಗಾಗಿ ಈ ಇಬ್ಬರಿಗೂ ಇನ್ನಿಬ್ಬರಿಗೂ 2021ರಲ್ಲಿ ಡೆನ್ಮಾರ್ಕಿನ ಬ್ರೈನ್ ಪ್ರೈಜ್ ಬಂತು. ಕಣ್ಣಿನ ಮುಂದೆ ತೆವಳುವ ಆ ಗೆರೆಗಳ ಮೂಲವೂ ಗೊತ್ತಾಗಿದೆ. ಮೆದುಳಿನ ಹೊರಪದರದ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಒಂದು ವಿದ್ಯುತ್ ಅಲೆ ಹಾದುಹೋಗಿ, ಹೋದ ದಾರಿಯನ್ನೆಲ್ಲ ಸ್ವಲ್ಪ ಹೊತ್ತು ಸ್ತಬ್ಧವಾಗಿಸುತ್ತದೆ. ಇಂಥ ಅಲೆಯನ್ನು ಬ್ರೆಜಿಲ್ ದೇಶದ ಲಿಯಾವ್ ಎಂಬ ವಿಜ್ಞಾನಿ 1944ರಲ್ಲೇ ಮೊಲಗಳ ಮೆದುಳಿನಲ್ಲಿ ಕಂಡು ಬರೆದಿದ್ದರು.

ಇಷ್ಟನ್ನೂ ಹೇಳಲು ಕಾರಣವಿದೆ. ಮೈಗ್ರೇನ್ ಇರುವವರು ಸೋಗು ಹಾಕುತ್ತಿಲ್ಲ. ಅವರ ಮನಸ್ಸು ದುರ್ಬಲವಲ್ಲ. ಅವರ ನರಮಂಡಲ ಹುಟ್ಟಿನಿಂದಲೇ ಹೆಚ್ಚು ಸೂಕ್ಷ್ಮ. ಆ ಗುಣ ಎಷ್ಟೋ ಮನೆಗಳಲ್ಲಿ ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದಿರುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಎರಡು ದಿನ ಮೊದಲು ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವಾಗ ನೋವು ಏಳುತ್ತದೆ. ಬಸುರಿನಲ್ಲಿ, ಅದರಲ್ಲೂ ನಾಲ್ಕನೆಯ ತಿಂಗಳಿಂದ ಮುಂದೆ, ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೇಲೆ ಹಲವರಿಗೆ ಬಿಡುಗಡೆ ಸಿಗುತ್ತದೆ.

ಆದರೆ ಸರಿಯಾದ ಹೆಸರು ತಿಳಿಯುವ ಮೊದಲು ನಮ್ಮ ಜನ ಬಹಳ ಅಲೆಯುತ್ತಾರೆ. ವಾಂತಿಯಾದ ಮೇಲೆ ತಲೆ ಹಗುರಾಯಿತೆಂದು "ಪಿತ್ತ ನೆತ್ತಿಗೇರಿತ್ತು" ಎನ್ನುತ್ತಾರೆ, ಪಿತ್ತಕ್ಕೆ ಔಷಧಿ ಮಾಡುತ್ತಾರೆ. ವಾಂತಿ ಕಾಯಿಲೆಯ ಒಂದು ಭಾಗ, ಅದರ ಮೂಲವಲ್ಲ. ಕಣ್ಣು ನೋಯುತ್ತದೆಂದು ಕನ್ನಡಕ ಬದಲಾಯಿಸುತ್ತಾರೆ. ಕೆನ್ನೆ ಬಿಗಿಯುತ್ತದೆ, ಮೂಗು ಸೋರುತ್ತದೆ ಎಂದು ಸೈನಸ್ ಎನ್ನುತ್ತಾರೆ. ತಮಗೆ ಸೈನಸ್ ತಲೆನೋವಿದೆ ಎಂದು ನಂಬಿದ್ದ ಸುಮಾರು 3,000 ಜನರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ 88 ಜನರ ಲಕ್ಷಣಗಳು ಮೈಗ್ರೇನಿನವು ಎಂದು 2004ರಲ್ಲಿ ವರದಿಯಾಯಿತು. ಇನ್ನು ಕೆಲವರು ಸಾಲ ಮಾಡಿ ಸ್ಕ್ಯಾನ್ ಮಾಡಿಸುತ್ತಾರೆ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ. ಹತ್ತು ನಿಮಿಷ ಕೂತು ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಒಮ್ಮೆ ಪರೀಕ್ಷೆ ಮಾಡಿದರೆ ವೈದ್ಯರಿಗೆ ಅದು ತಿಳಿಯುತ್ತದೆ. ಅಪಾಯದ ಲಕ್ಷಣಗಳಿದ್ದಾಗ ಮಾತ್ರ ಸ್ಕ್ಯಾನ್ ಬೇಕು. ಅವು ಯಾವುವು ಎಂದು ಮುಂದೆ ಹೇಳುತ್ತೇನೆ.

ಈಗ ನೋವನ್ನು ಎಬ್ಬಿಸುವ ಕಾರಣಗಳಿಗೆ ಬರೋಣ. ಹಸಿವು, ನಿದ್ದೆ ಕಡಿಮೆಯಾಗುವುದು, ಕೆಲವರಿಗೆ ಹೆಚ್ಚಾಗುವುದೂ, ಬಿಸಿಲು, ಬಸ್ ಪ್ರಯಾಣ, ಊದುಬತ್ತಿ ಸೆಂಟುಗಳ ಘಾಟು, ಮಿನುಗುವ ದೀಪ, ಮನಸ್ಸಿನ ಒತ್ತಡ, ಒತ್ತಡ ಇಳಿದ ಮರುದಿನದ ಬಿಡುವು. ನಮ್ಮ ದೇಶದಲ್ಲಿ ಎದ್ದು ಕಾಣುವ ಒಂದು ಕಾರಣ ತಲೆಸ್ನಾನ. ಮುಂಬಯಿಯ ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಗೆ ನೀರು ಹಾಕಿಕೊಂಡಾಗ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಹಬ್ಬದ ದಿನ ನೋಡಿ: ಬೆಳಗಿನ ಜಾವ ಎದ್ದು, ಉದ್ದ ಕೂದಲಿಗೆ ಎಣ್ಣೆಸ್ನಾನ ಮಾಡಿ, ಒದ್ದೆ ಜಡೆಯಲ್ಲೇ ಅಡುಗೆಮನೆಯ ಹೊಗೆಯಲ್ಲಿ ನಿಂತು, ಪೂಜೆ ಮುಗಿಯುವವರೆಗೆ ಹೊಟ್ಟೆಗೇನೂ ಇಲ್ಲದೆ ಇರುವ ಹೆಂಗಸಿಗೆ ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ. ಇದರಲ್ಲಿ ಯಾವುದೋ ಒಂದನ್ನು ಹಿಡಿದು "ಇದರಿಂದಲೇ ಬಂತು" ಎನ್ನಲಾಗದು. ಗಾಡಿಗೆ ಒಂದೊಂದೇ ಮೂಟೆ ಹೇರುತ್ತಾ ಹೋದಾಗ ಅಚ್ಚು ಮುರಿಯುವುದು ಕೊನೆಯ ಮೂಟೆಯೊಂದರಿಂದಲ್ಲ, ಎಲ್ಲದರ ಭಾರದಿಂದ. ಆದ್ದರಿಂದ ಒಂದೆರಡು ಮೂಟೆ ಇಳಿಸಿದರೂ ಸಾಕು. ಕೂದಲನ್ನು ಬೇಗ ಒಣಗಿಸಿಕೊಳ್ಳಿ. ಪೂಜೆಗೆ ಮೊದಲು ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತೆಗೆದುಕೊಳ್ಳಿ. ಮಲಗುವ, ಏಳುವ, ಉಣ್ಣುವ ಹೊತ್ತನ್ನು ರಜೆಯ ದಿನವೂ ಆದಷ್ಟು ಒಂದೇ ಸಮನೆ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರ. ನೋವಿನ ಹಿಂದಿನ ದಿನ ಸಿಹಿ ತಿನ್ನುವ ಆಸೆಯಾಗುತ್ತದೆ ಎಂದೆನಲ್ಲ, ತಿಂದ ಮೇಲೆ ನೋವು ಬರುತ್ತದೆ, ಬೈಗುಳ ಸಿಹಿಗೆ. ಹೀಗೆ ಒಂದೊಂದೇ ಪದಾರ್ಥ ಬಿಡುತ್ತಾ ಹೋಗಿ, ಕೊನೆಗೆ ಅನ್ನ ಮಜ್ಜಿಗೆಗೆ ಬಂದು ನಿಂತವರಿದ್ದಾರೆ. ಅಷ್ಟೆಲ್ಲ ಪಥ್ಯ ಬೇಡ. ಹೊಟ್ಟೆಗೆ ಇಲ್ಲದಿರುವುದೇ ಮೈಗ್ರೇನಿಗೆ ದೊಡ್ಡ ಶತ್ರು.

ನೋವು ಬಂದಾಗ ಏನು ಮಾಡಬೇಕು? ಮೊದಲ ಮಾತು, ತಡ ಮಾಡಬಾರದು. ಮೈಗ್ರೇನ್ ಏರಿದಂತೆ ಜಠರದ ಕೆಲಸ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಅಲ್ಲೇ ಉಳಿಯುತ್ತದೆ, ರಕ್ತಕ್ಕೆ ಬೇಗ ಸೇರುವುದಿಲ್ಲ. "ತಡೆಯುವಷ್ಟು ತಡೆಯೋಣ" ಎಂದು ಕಾದು, ವಾಂತಿ ಶುರುವಾದ ಮೇಲೆ ಮಾತ್ರೆ ತೆಗೆದುಕೊಂಡು "ಕೇಳಲೇ ಇಲ್ಲ" ಎನ್ನುವವರು ಬಹಳ. ನೋವು ಇನ್ನೂ ಸಣ್ಣದಿರುವಾಗಲೇ, ವೈದ್ಯರು ಹೇಳಿದ ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಇವು ಹಲವರಿಗೆ ಸಾಕಾಗುತ್ತವೆ. ಜೊತೆಗೆ ವಾಂತಿ ತಡೆಯುವ ಮಾತ್ರೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಡೆಂಗಿ ಇರಬಹುದೆಂಬ ಅನುಮಾನದ ಜ್ವರದಲ್ಲಿರುವವರು ಐಬುಪ್ರೊಫೆನ್ ಜಾತಿಯ ಮಾತ್ರೆ ಮುಟ್ಟಬಾರದು. ಮಕ್ಕಳಿಗೆ ಆಸ್ಪಿರಿನ್ ಬೇಡ. ಇವುಗಳಿಂದ ಆಗದಿದ್ದರೆ ಸುಮಾಟ್ರಿಪ್ಟಾನ್‌ನಂಥ ಮಾತ್ರೆಗಳಿವೆ. 1991ರಲ್ಲಿ ಬಂದ ಇವು ಮೈಗ್ರೇನಿಗೆಂದೇ ಮಾಡಿದ ಔಷಧಿಗಳು. ಹೃದಯದ ಕಾಯಿಲೆ, ಪಾರ್ಶ್ವವಾಯು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಇವು ಆಗದು. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಮಾತ್ರೆ ತೆಗೆದುಕೊಂಡ ಮೇಲೆ ಕತ್ತಲೆ ಕೋಣೆಯಲ್ಲಿ ಮಲಗಿ, ಹಣೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳಿ. ನಿದ್ದೆ ಹತ್ತಿದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈಗ ನನಗೆ ಬಹಳ ಮುಖ್ಯವೆನಿಸುವ ವಿಷಯ. ಆಸ್ಪತ್ರೆಯಲ್ಲಿ ನಾವು ವೈದ್ಯರು ಎಷ್ಟೋ ಸಲ ಇಂಥ ಮಾತುಕತೆ ನಡೆಸುತ್ತೇವೆ.

"ತಿಂಗಳಿಗೆ ಎಷ್ಟು ಮಾತ್ರೆ ತಗೋತೀರಮ್ಮ?"

"ಜಾಸ್ತಿ ಏನಿಲ್ಲ ಡಾಕ್ಟ್ರೇ. ನೋವು ಬಂದಾಗ ಒಂದು."

"ನೋವು ಯಾವಾಗ ಬರತ್ತೆ?"

"ದಿನಾ ಇದ್ದೇ ಇರತ್ತಲ್ಲ."

ಅಲ್ಲಿಗೆ ಲೆಕ್ಕ ಮೂವತ್ತಾಯಿತು. ಆಕೆಯ ಪರ್ಸಿನಲ್ಲಿ ಚಿಲ್ಲರೆಯ ಜೊತೆ ಕತ್ತರಿಸಿದ ಮಾತ್ರೆಯ ಹಾಳೆ ಇರುತ್ತದೆ. ಬೀದಿ ತುದಿಯ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡದ್ದು. ಕೆಲವು ವರ್ಷದ ಹಿಂದೆ ತಿಂಗಳಿಗೆ ಮೂರು ದಿನ ಇದ್ದ ನೋವು ಈಗ ದಿನವೂ ಏಕೆ ಬರುತ್ತಿದೆ? ಮಾತ್ರೆಯೇ ಅದಕ್ಕೆ ಕಾರಣ. ನೋವಿನ ಮಾತ್ರೆಯನ್ನು ಅತಿಯಾಗಿ ತೆಗೆದುಕೊಂಡರೆ, ಮೈಗ್ರೇನ್ ಇರುವವರ ಮೆದುಳು ಇನ್ನಷ್ಟು ಸೂಕ್ಷ್ಮವಾಗಿ, ಮಾತ್ರೆಯ ಪ್ರಭಾವ ಇಳಿದೊಡನೆ ಮತ್ತೆ ನೋಯುತ್ತದೆ. ಮತ್ತೆ ಮಾತ್ರೆ, ಮತ್ತೆ ನೋವು. ಮಿತಿ ಎಷ್ಟು ಎಂದು ದಯವಿಟ್ಟು ನೆನಪಿಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಗಳನ್ನು ತೆಗೆದುಕೊಳ್ಳುವ ದಿನಗಳು ತಿಂಗಳಿಗೆ 15 ಆಗಬಾರದು. ಕೆಫೀನ್ ಬೆರೆಸಿದ ಮಿಶ್ರ ಮಾತ್ರೆಗಳು, ಎರ್ಗಾಟ್ ಎಂಬ ಔಷಧಿಯ ಮಾತ್ರೆಗಳು, ಸುಮಾಟ್ರಿಪ್ಟಾನ್ ಜಾತಿಯ ಟ್ರಿಪ್ಟಾನ್‌ಗಳು ಇವನ್ನು ತೆಗೆದುಕೊಳ್ಳುವ ದಿನಗಳು ತಿಂಗಳಿಗೆ 10 ಆಗಬಾರದು. ಸುಲಭದ ಲೆಕ್ಕ ಬೇಕೆಂದರೆ, ಯಾವ ನೋವಿನ ಮಾತ್ರೆಯೇ ಆಗಲಿ, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ. ಈಗಾಗಲೇ ಮಿತಿ ಮೀರಿದ್ದರೆ ಹೆದರಬೇಡಿ. ವೈದ್ಯರ ಸಲಹೆಯಂತೆ ಮಾತ್ರೆ ಬಿಟ್ಟಾಗ ಮೊದಲ ಒಂದೆರಡು ವಾರ ನೋವು ಹೆಚ್ಚಾಗಬಹುದು, ಆಮೇಲೆ ಇಳಿಯುತ್ತದೆ.

ನೋವು ತಿಂಗಳಿಗೆ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ, ಬರದಂತೆ ತಡೆಯುವ ಔಷಧಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೊಪಿರಮೇಟ್ ಇವು ಹಳೆಯ, ಪರೀಕ್ಷೆಯಾದ, ಬೆಲೆ ಕಡಿಮೆಯ ಔಷಧಿಗಳು. ಇಲ್ಲಿ ಒಂದು ತೊಡಕು ಬರುತ್ತದೆ. ಮೆಡಿಕಲ್ ಶಾಪಿನವರು ಚೀಟಿ ನೋಡಿ "ಇದು ಬಿಪಿ ಮಾತ್ರೆ", "ಇದು ಫಿಟ್ಸ್ ಮಾತ್ರೆ", "ಇದು ಡಿಪ್ರೆಷನ್ ಮಾತ್ರೆ" ಎಂದುಬಿಡುತ್ತಾರೆ. ರೋಗಿ ಗಾಬರಿಯಾಗಿ ಅಲ್ಲೇ ಬಿಟ್ಟುಬಿಡುತ್ತಾರೆ. ಈ ಔಷಧಿಗಳು ಬೇರೆ ಕಾಯಿಲೆಗೆ ಬಂದವು ನಿಜ. ಸಣ್ಣ ಪ್ರಮಾಣದಲ್ಲಿ ಮೈಗ್ರೇನನ್ನೂ ತಡೆಯುತ್ತವೆ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಔಷಧಿ ಹಿಡಿದಿದೆ ಎಂದೇ ಅರ್ಥ. ಹಲವರಿಗೆ ಆರು ತಿಂಗಳು ಒಂದು ವರ್ಷದ ನಂತರ ನಿಧಾನವಾಗಿ ನಿಲ್ಲಿಸಲೂಬಹುದು. ಆಸ್ತಮಾ ಇದ್ದರೆ, ಬಸುರಾಗಿದ್ದರೆ ಅಥವಾ ಆಗಬೇಕೆಂದಿದ್ದರೆ ಮೊದಲೇ ಹೇಳಿ. ಪ್ರೊಪ್ರನಲಾಲ್ ಆಸ್ತಮಾದವರಿಗೆ ಆಗದು, ಟೊಪಿರಮೇಟ್ ಮತ್ತು ಇದೇ ಕೆಲಸಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಹೊಟ್ಟೆಯ ಮಗುವಿಗೆ ಹಾನಿ ಮಾಡುತ್ತವೆ. ಆರಾ ಬರುವ ಹೆಂಗಸರು ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ಅದನ್ನು ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಈಸ್ಟ್ರೋಜನ್ ಇರುವ ಮಾತ್ರೆಯಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಔಷಧಿಯ ಜೊತೆಗೆ ಯೋಗವೂ ನೆರವಾಗುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಔಷಧಿ ತೆಗೆದುಕೊಂಡವರಿಗಿಂತ ಔಷಧಿಯೊಂದಿಗೆ ಯೋಗ ಮಾಡಿದವರಿಗೆ ನೋವು ಹೆಚ್ಚು ಇಳಿದಿತ್ತು.

ಇದೆಲ್ಲಕ್ಕೂ ಬುನಾದಿ ಒಂದು ಸಣ್ಣ ಅಭ್ಯಾಸ. ನಮ್ಮ ಮನೆಗಳಲ್ಲಿ ಗೋಡೆಗೆ ಕ್ಯಾಲೆಂಡರ್ ಇರುತ್ತದೆ, ಹಾಲಿನ ಲೆಕ್ಕವನ್ನು ಅದರಲ್ಲೇ ಬರೆಯುತ್ತೇವೆ. ಅದೇ ಚೌಕದ ಮೂಲೆಯಲ್ಲಿ, ನೋವು ಬಂದ ದಿನ ಒಂದು ಗೆರೆ ಎಳೆಯಿರಿ. ಮಾತ್ರೆ ತೆಗೆದುಕೊಂಡಿದ್ದರೆ ಗೆರೆಯ ಪಕ್ಕ ಒಂದು ಚುಕ್ಕೆ. ಮುಟ್ಟಿನ ದಿನಕ್ಕೆ ಒಂದು ಸುತ್ತು. ಓದು ಬರಹ ಬಾರದವರೂ ಇದನ್ನು ಮಾಡಬಲ್ಲರು. ಮೂರು ತಿಂಗಳ ಹಾಳೆಯನ್ನು ವೈದ್ಯರ ಮುಂದಿಟ್ಟರೆ, ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ, ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಎಲ್ಲವೂ ಒಂದೇ ನೋಟಕ್ಕೆ ತಿಳಿಯುತ್ತದೆ. ನೆನಪಿನಿಂದ ಹೇಳಿದ ಲೆಕ್ಕ ಹೆಚ್ಚಾಗಿ ತಪ್ಪಿರುತ್ತದೆ.

ಅಪಾಯದ ಲಕ್ಷಣಗಳ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಹಿಂದೆಂದೂ ಕಾಣದಂಥ ಭಾರಿ ತಲೆನೋವು ಒಂದೇ ನಿಮಿಷದೊಳಗೆ ಥಟ್ಟನೆ ಏರಿದರೆ; ಜ್ವರದ ಜೊತೆ ಕುತ್ತಿಗೆ ಸೆಟೆದರೆ; ಒಂದು ಕೈ ಕಾಲು ಬಿದ್ದುಹೋದರೆ, ಬಾಯಿ ಸೊಟ್ಟಗಾದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ; ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಶುರುವಾದರೆ; ಬಸುರಿನಲ್ಲಿ ಅಥವಾ ಬಾಣಂತನದಲ್ಲಿ ಹೊಸದಾಗಿ ಬಂದರೆ, ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ನೋವು, ಕೆಮ್ಮಿದಾಗ ಬಗ್ಗಿದಾಗ ಮಾತ್ರ ಏಳುವ ನೋವು, ದೃಷ್ಟಿ ಮಂಕಾಗುತ್ತಾ ಬರುವುದು, ಇವನ್ನೂ ಬೇಗ ತೋರಿಸಬೇಕು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದಾಗ "ಕೆಲಸ ಬಂದಾಗಲೇ ಇವಳಿಗೆ ತಲೆನೋವು" ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಕೆಲಸ ಹೆಚ್ಚಾದ ದಿನ ಹಸಿವು, ನಿದ್ದೆಗೇಡು, ಹೊಗೆ, ಒತ್ತಡ ಎಲ್ಲವೂ ಹೆಚ್ಚಿರುತ್ತವೆ, ನೋವು ಬರುವುದೂ ಅಂದೇ. ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು, ಗಾಯವಾದರೆ ಕಣ್ಣಿಗೆ ಕಾಣುತ್ತದೆ. ಈ ನೋವನ್ನು ನಂಬಿಯೇ ತಿಳಿಯಬೇಕು. ಶಾಲೆಯ ಶಿಕ್ಷಕರು, ಆಫೀಸಿನ ಮೇಲಧಿಕಾರಿಗಳು, ಗಾರ್ಮೆಂಟ್ಸ್ ಸೂಪರ್‌ವೈಸರುಗಳು ಇದನ್ನು ಕೇಳುತ್ತಿದ್ದರೆ ಅವರಿಗೂ ಇದೇ ಮಾತು: ಅರ್ಧ ಗಂಟೆಯ ವಿಶ್ರಾಂತಿ, ಹೊತ್ತಿಗೆ ಸರಿಯಾಗಿ ಊಟದ ಬಿಡುವು ಕೊಟ್ಟರೆ ಎಷ್ಟೋ ಸಲ ಇಡೀ ದಿನದ ಕೆಲಸ ಉಳಿಯುತ್ತದೆ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯಕ್ಕೆಂದೇ ಚಿಕಿತ್ಸಾಲಯಗಳನ್ನು ತೆರೆಯುತ್ತಾ ಬಂದಿದೆ. ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಜೊತೆ ತಲೆನೋವನ್ನೂ ಅಲ್ಲಿ ನೋಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರುಮಾಡಿ. ಮೈಗ್ರೇನನ್ನು ಬೇರುಸಹಿತ ಕಿತ್ತುಹಾಕುತ್ತೇವೆ ಎಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ; ಅದನ್ನು ಹತೋಟಿಯಲ್ಲಿಡಬಹುದು, ಚೆನ್ನಾಗಿಯೇ ಇಡಬಹುದು. ವರ್ಷಾನುಗಟ್ಟಲೆ ಹಲ್ಲುಕಚ್ಚಿ ಸಹಿಸಿದ್ದು ಸಾಕು. ಇಂದಿನಿಂದಲೇ ನೋವಿನ ಲೆಕ್ಕ ಬರೆಯಲು ಶುರುಮಾಡಿ, ಆ ಲೆಕ್ಕವನ್ನು ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.